ವಾಚನಾಲಯದ 2 ಜಿಬಿ ರಾಸ್ಪ್‌ಬೆರಿ ಪೈಗೆ ಮೆಮೊರಿ ಮಿತಿ ಹಾಕಿದ್ದು ಹೀಗೆ

ಶಿರಸಿಯಿಂದ ಕುಮಟಾ ಕಡೆ ಹೋಗುವಾಗ, ದೇವಿಮನೆ ಘಟ್ಟ ಇಳಿಯುವ ಮೊದಲು ಒಳಗೆ ತಿರುಗಿದರೆ ಒಂದು ಹಳ್ಳಿ ಸಿಗುತ್ತದೆ. ಅಲ್ಲಿನ ವಾಚನಾಲಯದ ಕಪಾಟಿನ ಮೇಲೆ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದೆ. ರ‍್ಯಾಮ್ 2 ಜಿಬಿ. ಅದಕ್ಕೆ ಬೇಕಾದದ್ದು 5 ವೋಲ್ಟ್, 3 ಆಂಪಿಯರ್‌ನ ಒಂದು ಅಡಾಪ್ಟರ್ ಅಷ್ಟೇ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದರೂ ಇನ್ವರ್ಟರ್ ಮೇಲೆ ಆರಾಮಾಗಿ ನಡೆಯುತ್ತದೆ. ನಮ್ಮ ಕಡೆಯ ಹಳ್ಳಿಗಳಿಗೆ ಇದಕ್ಕಿಂತ ಒಳ್ಳೆಯ ಸರ್ವರ್ ಬೇಕಿಲ್ಲ ಅಂತ ನನ್ನ ನಂಬಿಕೆ.

ಈ ಪೈ ಮಾಡುವ ಕೆಲಸ ಎರಡು ಬಗೆಯದು. ಒಂದು, ಓದುಗರಿಗಾಗಿ. ವಾಚನಾಲಯದ ವೈಫೈಗೆ ಫೋನ್ ಜೋಡಿಸಿದರೆ ಪುಸ್ತಕಗಳ ಪಟ್ಟಿ ಬರುತ್ತದೆ. ಅದರ ಹಿಂದೆ ಮರಿಯಾಡಿಬಿ ಎಂಬ ಡೇಟಾಬೇಸ್ ಇದೆ. ಜೊತೆಗೆ ಕಿವಿಕ್ಸ್ ಮೂಲಕ ಕನ್ನಡ ವಿಕಿಪೀಡಿಯ ಇಂಟರ್ನೆಟ್ ಇಲ್ಲದೆಯೇ ಸಿಗುತ್ತದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಕೂರುವುದೇ ಇದಕ್ಕಾಗಿ. ಇನ್ನೊಂದು ಕೆಲಸ, ಹಕ್ಕಿನ ಅವಧಿ ಮುಗಿದ ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಪ್ರೋಗ್ರಾಂನಿಂದ ಅಕ್ಷರ ಗುರುತಿಸಿ ಪಠ್ಯ ಮಾಡುವುದು. ಒತ್ತಕ್ಷರಗಳಲ್ಲಿ ತಪ್ಪು ಬರುತ್ತದೆ, ಆಮೇಲೆ ಕೂತು ತಿದ್ದಬೇಕು. ಆದರೂ ಎಲ್ಲವನ್ನೂ ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ಎಷ್ಟೋ ವಾಸಿ.

ತೊಂದರೆ ಏನೆಂದರೆ, ಸ್ಕ್ಯಾನ್ ಕೆಲಸ ಶುರುವಾಯಿತೆಂದರೆ ಓದುಗರ ಕೆಲಸ ನಿಂತುಬಿಡುತ್ತಿತ್ತು. ಪುಟ ತೆರೆಯುವುದಿಲ್ಲ. ದೂರದಿಂದ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಒಳಹೋಗಿ ಕಮಾಂಡ್ ಕೊಡುವ ದಾರಿ) ಮಾಡಿದರೆ ಸಂಪರ್ಕ ಸಿಗುತ್ತದೆ, ಆದರೆ ಕಮಾಂಡ್ ಬರೆಯುವ ಪ್ರಾಂಪ್ಟ್ ಬರುವುದಿಲ್ಲ. ಪೈ ಮೇಲಿನ ಹಸಿರು ದೀಪ ಮಾತ್ರ ಬಿಡದೆ ಉರಿಯುತ್ತಲೇ ಇರುತ್ತದೆ. ಕೊನೆಗೆ ಯಾರೋ ವೈರ್ ಕಿತ್ತು ಮತ್ತೆ ಹಾಕುತ್ತಿದ್ದರು. ಎಸ್‌ಡಿ ಕಾರ್ಡ್ ಮೇಲೆ ಓಡುವ ಯಂತ್ರಕ್ಕೆ ಇದು ಬಹಳ ಕೆಟ್ಟದ್ದು. ಬರೆಯುತ್ತಿರುವಾಗಲೇ ಕರೆಂಟು ತೆಗೆದರೆ ಕಾರ್ಡ್‌ನ ಫೈಲ್ ವ್ಯವಸ್ಥೆಯೇ ಹಾಳಾಗಬಹುದು.

ಕಾರಣ ಹುಡುಕಲು ಮೊದಲು ದಾಖಲೆ ಬೇಕಿತ್ತು. ಮರುಬೂಟ್ ಆದ ಕೂಡಲೇ ಹಿಂದಿನ ಸಲದ ಕರ್ನಲ್ (ಲಿನಕ್ಸ್‌ನ ತಿರುಳು, ಮೆಮೊರಿ ಹಂಚುವುದು ಇದೇ) ದಾಖಲೆ ಅಳಿಸಿಹೋಗುತ್ತಿತ್ತು. ದಾಖಲೆ ಬರೆದಿಡುವ ಜರ್ನಲ್‌ಡಿಯ ಸೆಟ್ಟಿಂಗ್‌ನಲ್ಲಿ ಸ್ಟೋರೇಜ್ ಅನ್ನು ಪರ್ಸಿಸ್ಟೆಂಟ್ ಮಾಡಿದೆ, ಅಂದರೆ ಮರುಬೂಟ್ ಆದರೂ ಉಳಿಯುವ ಹಾಗೆ. ಆಮೇಲೆ ವಾಚನಾಲಯ ನೋಡಿಕೊಳ್ಳುವ ಮಾಸ್ತರಿಂದ ಫೋನ್ ಬಂತು.

"ತಮಾ, ಮತ್ತೆ ನಿಂತಿದೆ. ವೈರ್ ಕೀಳಲಾ?"

"ಬೇಡ ಮಾಸ್ತರ್ರೆ. ಇವತ್ತು ಎಷ್ಟು ಹೊತ್ತಾದರೂ ಹಾಗೇ ಬಿಡಿ."

ಬಹಳ ಹೊತ್ತಿನ ಮೇಲೆ ಅದು ತಾನಾಗಿಯೇ ಎದ್ದಿತು. ದಾಖಲೆಯಲ್ಲಿ "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್" ಎಂಬ ಸಾಲು, ಮುಂದೆ ನಮ್ಮ ಸ್ಕ್ಯಾನ್ ಸ್ಕ್ರಿಪ್ಟ್ ಓಡಿಸುವ ಪೈಥಾನ್‌ನ ಹೆಸರು. ಅಂದರೆ ಕರ್ನಲ್‌ನ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಯಾವುದಾದರೂ ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸುವ ಭಾಗ) ಸ್ಕ್ಯಾನ್ ಪ್ರೋಗ್ರಾಂ ಅನ್ನು ಕೊಂದು ಯಂತ್ರವನ್ನು ಉಳಿಸಿತ್ತು. ಆ ಸಾಲಿನಲ್ಲಿ ಟೋಟಲ್-ವಿಎಂ, ಅನಾನ್-ಆರ್‌ಎಸ್‌ಎಸ್, ಫೈಲ್-ಆರ್‌ಎಸ್‌ಎಸ್ ಎಂದು ಮೂರು ನಾಲ್ಕು ಅಂಕಿ ಇರುತ್ತವೆ. ನೋಡಬೇಕಾದದ್ದು ಅನಾನ್-ಆರ್‌ಎಸ್‌ಎಸ್. ಪ್ರೋಗ್ರಾಂ ನಿಜವಾಗಿ ರ‍್ಯಾಮ್‌ನಲ್ಲಿ ಹಿಡಿದಿಟ್ಟುಕೊಂಡ ಸ್ವಂತ ಡೇಟಾ ಅದು. ನಮ್ಮ ಪೈಥಾನ್‌ನದು 1.3 ಜಿಬಿ ದಾಟಿತ್ತು. ಪೈ 4 ಸ್ವಲ್ಪ ರ‍್ಯಾಮ್ ಅನ್ನು ಗ್ರಾಫಿಕ್ಸ್‌ಗೆ ತೆಗೆದಿಡುವುದರಿಂದ ಲಿನಕ್ಸ್‌ಗೆ ಸಿಗುವುದೇ ಸುಮಾರು 1.8 ಜಿಬಿ.

ಎಲ್ಲಿಂದ ಬಂತು ಇಷ್ಟು? ಲೆಕ್ಕ ಸುಲಭ. 300 ಡಿಪಿಐನಲ್ಲಿ ಒಂದು ಎ4 ಹಾಳೆ 2480 ಗುಣಿಸು 3508 ಪಿಕ್ಸೆಲ್. ಬಣ್ಣದ್ದಾದರೆ ಪ್ರತಿ ಪಿಕ್ಸೆಲ್‌ಗೆ 3 ಬೈಟ್. ಒಟ್ಟು ಸುಮಾರು 26 ಎಂಬಿ. ಜೆಪೆಗ್ ಫೈಲು ಡಿಸ್ಕ್ ಮೇಲೆ ಒಂದೆರಡು ಎಂಬಿ ಇದ್ದರೂ, ಬಿಚ್ಚಿ ಮೆಮೊರಿಗೆ ತಂದಾಗ ಇಷ್ಟಾಗುತ್ತದೆ. ಸ್ಕ್ರಿಪ್ಟ್ ಇಡೀ ಪುಸ್ತಕದ ಪುಟಗಳನ್ನು ಮೊದಲೇ ಬಿಚ್ಚಿ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಿತ್ತು. 100 ಪುಟದ ಪ್ರಸಂಗಕ್ಕೆ 2.6 ಜಿಬಿ ಬೇಕು. ಎಲ್ಲಿಂದ ತರುವುದು?

ಸ್ಕ್ರಿಪ್ಟ್ ಬರೆದದ್ದು ಶಿರಸಿಯಲ್ಲಿ ಓದುವ ಒಬ್ಬ ಹುಡುಗಿ. ವಿಷಯ ಹೇಳಿದ ಕೂಡಲೇ ಒಂದೊಂದೇ ಪುಟ ತೆರೆದು ಮುಚ್ಚುವ ಹಾಗೆ ತಿದ್ದಿ ಕೊಟ್ಟಳು. ಹಾಗಾದರೆ ಕೆಲಸ ಮುಗಿಯಿತಲ್ವಾ ಅಂತ ಕೇಳಬಹುದು. ನನ್ನ ಪ್ರಕಾರ ಇಲ್ಲ. ನಾಳೆ ಇನ್ನೊಬ್ಬರು ಇನ್ನೊಂದು ಸ್ಕ್ರಿಪ್ಟ್ ತರುತ್ತಾರೆ. ಹೊಸಬರು ಕಲಿಯಲಿ, ಏನಾದರೂ ಮಾಡಿ ನೋಡಲಿ ಎಂದೇ ಆ ಯಂತ್ರ ಇಟ್ಟದ್ದು. ಅವರ ಪ್ರೋಗ್ರಾಂ ಎಷ್ಟೇ ತಿಂದರೂ ಓದಲು ಕೂತ ಮಗುವಿನ ಪುಟ ನಿಲ್ಲಬಾರದು. ಮೆಮೊರಿ ಸಾಲದೇ ಹೋದಾಗ ಯಾರು ಕಾಯಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನು ನಾವೇ ಮೊದಲು ಕರ್ನಲ್‌ಗೆ ಹೇಳಿಡಬೇಕು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮೆಮೊರಿ ತುಂಬಿದರೆ ಕರ್ನಲ್ ಕೂಡಲೇ ಯಾಕೆ ಕೊಲ್ಲಲಿಲ್ಲ? ಅಷ್ಟು ಹೊತ್ತು ಯಾಕೆ ಒದ್ದಾಡಿತು?

ರ‍್ಯಾಮ್‌ನಲ್ಲಿ ಇರುವುದು ಪ್ರೋಗ್ರಾಂಗಳ ಸ್ವಂತ ಡೇಟಾ ಮಾತ್ರ ಅಲ್ಲ. ಡಿಸ್ಕ್‌ನಿಂದ ಓದಿದ ಫೈಲುಗಳ ಪ್ರತಿಯೂ ಇರುತ್ತದೆ. ಇದು ಪೇಜ್ ಕ್ಯಾಶ್. ಓಡುತ್ತಿರುವ ಪ್ರೋಗ್ರಾಂಗಳ ಕೋಡ್ ಕೂಡ ಇದರಲ್ಲೇ ಇರುತ್ತದೆ. ಜಾಗ ಬೇಕಾದಾಗ ಕರ್ನಲ್ ಮೊದಲು ಇದನ್ನು ಬಿಸಾಡುತ್ತದೆ, ಯಾಕೆಂದರೆ ಬೇಕಾದರೆ ಮತ್ತೆ ಡಿಸ್ಕ್‌ನಿಂದ ಓದಬಹುದು. ಹಾಗೆ ಬಿಸಾಡುತ್ತಾ ಹೋಗಿ ಮರಿಯಾಡಿಬಿ, ಎಸ್‌ಎಸ್‌ಎಚ್‌ಗಳ ಕೋಡನ್ನೂ ಬಿಸಾಡುತ್ತದೆ. ಮುಂದಿನ ಕ್ಷಣ ಅದೇ ಕೋಡ್ ಬೇಕಾಗುತ್ತದೆ. ಎಸ್‌ಡಿ ಕಾರ್ಡ್‌ನಿಂದ ಓದುತ್ತದೆ, ಮತ್ತೆ ಬಿಸಾಡುತ್ತದೆ, ಮತ್ತೆ ಓದುತ್ತದೆ. ಆ ಹಸಿರು ದೀಪ ಉರಿಯುತ್ತಿದ್ದದ್ದು ಈ ಓದಿಗೆ. ಪ್ರತಿ ಸಲ ಒಂದಷ್ಟು ಜಾಗ ಸಿಗುತ್ತಲೇ ಇರುವುದರಿಂದ, ಕರ್ನಲ್‌ನ ಲೆಕ್ಕದಲ್ಲಿ ಮೆಮೊರಿ ಪೂರ್ತಿ ಮುಗಿದಿರುವುದಿಲ್ಲ. ಓಓಎಂ ಕಿಲ್ಲರ್ ಏಳುವುದಿಲ್ಲ. ಕೆಲಸವೂ ನಡೆಯುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಕರ್ನಲ್ 4.20ರಿಂದ ಪಿಎಸ್‌ಐ ಎಂಬ ಅಳತೆ ಇದೆ. ಪ್ರಾಕ್ ಒಳಗಿನ ಪ್ರೆಶರ್ ಫೋಲ್ಡರ್‌ನಲ್ಲಿ ಮೆಮೊರಿ ಎಂಬ ಫೈಲು ತೆರೆದರೆ "ಸಮ್", "ಫುಲ್" ಎಂದು ಎರಡು ಸಾಲು. ಕಳೆದ 10, 60, 300 ಸೆಕೆಂಡುಗಳಲ್ಲಿ ಎಷ್ಟು ಶೇಕಡಾ ಸಮಯ ಮೆಮೊರಿಗಾಗಿ ಕಾಯುತ್ತಾ ಕಳೆಯಿತು ಎಂದು ಹೇಳುತ್ತವೆ. ಫುಲ್ ಎಂದರೆ ಕೆಲಸ ಇದ್ದ ಎಲ್ಲ ಪ್ರೋಗ್ರಾಂಗಳೂ ಒಟ್ಟಿಗೆ ಕಾಯುತ್ತಿದ್ದ ಸಮಯ. ಹಳೆಯ ಸ್ಕ್ರಿಪ್ಟ್ ಓಡಿಸಿ ನೋಡಿದಾಗ ಫುಲ್ ಸಾಲಿನ 10 ಸೆಕೆಂಡಿನ ಅಂಕಿ 70 ದಾಟಿತ್ತು. ಯಂತ್ರದ ಮುಕ್ಕಾಲು ಪಾಲು ಸಮಯ ಸುಮ್ನೆ ಹೋಗುತ್ತಿತ್ತು ಅಂತ ಅರ್ಥ. ಫ್ರೀ ಕಮಾಂಡ್ ತೋರಿಸುವ ಖಾಲಿ ಮೆಮೊರಿಗಿಂತ ಈ ಅಂಕಿಯನ್ನೇ ನಾನು ಜಾಸ್ತಿ ನಂಬುತ್ತೇನೆ.

ಮಿತಿ ಹಾಕುವ ದಾರಿಗಳು ಲಿನಕ್ಸ್‌ನಲ್ಲಿ ಹಲವು. ಯೂಲಿಮಿಟ್ ಎಂಬ ಕಮಾಂಡ್ ಹಳೆಯದು. ಅದರ -ಎಂ ಆಯ್ಕೆ ಈಗಿನ ಲಿನಕ್ಸ್‌ನಲ್ಲಿ ಏನೂ ಮಾಡುವುದಿಲ್ಲ. -ವಿ ಆಯ್ಕೆ ಕೆಲಸ ಮಾಡುತ್ತದೆ, ಆದರೆ ಅದು ಎಣಿಸುವುದು ವಿಳಾಸಗಳ ಜಾಗವನ್ನು, ನಿಜವಾಗಿ ಬಳಸಿದ ರ‍್ಯಾಮ್ ಅನ್ನಲ್ಲ. ಮೇಲಾಗಿ ಪ್ರತಿ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಬೇರೆ ಬೇರೆ. ನಮ್ಮ ಸ್ಕ್ರಿಪ್ಟ್ ನಾಲ್ಕು ಟೆಸರಾಕ್ಟ್ ಹುಟ್ಟಿಸಿದರೆ ನಾಲ್ಕಕ್ಕೂ ಪೂರ್ತಿ ಮಿತಿ ಸಿಗುತ್ತದೆ. ನಮಗೆ ಉಪಯೋಗ ಇಲ್ಲ.

ಇನ್ನೊಂದು, ಓವರ್‌ಕಮಿಟ್ ಅನ್ನು, ಅಂದರೆ ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡುತ್ತೇನೆಂದು ಕರ್ನಲ್ ಮಾತು ಕೊಡುವುದನ್ನು, ಬಿಗಿ ಮಾಡುವುದು. ವಿಎಂ.ಓವರ್‌ಕಮಿಟ್_ಮೆಮೊರಿ 0 ಇದ್ದರೆ ಕರ್ನಲ್ ಅಂದಾಜಿನ ಮೇಲೆ ಕೊಡುತ್ತದೆ. 1 ಎಂದರೆ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. 2 ಎಂದರೆ ಸ್ವಾಪ್ (ಮೆಮೊರಿ ಸಾಲದಾಗ ಡೇಟಾ ಹೊರಗೆ ಹಾಕಿಡುವ ಜಾಗ) ಪೂರ್ತಿ, ರ‍್ಯಾಮ್‌ನ ಅರ್ಧ, ಇವೆರಡೂ ಸೇರಿದಷ್ಟಕ್ಕೆ ಮಾತ್ರ ಮಾತು ಕೊಡುತ್ತದೆ. ಅರ್ಧ ಎಂಬುದನ್ನು ಓವರ್‌ಕಮಿಟ್_ರೇಶಿಯೊದಲ್ಲಿ ಬದಲಾಯಿಸಬಹುದು. ಕೇಳಲು ಚೆನ್ನಾಗಿದೆ, ಆದರೆ ನಾನು ಬೇಡವೆಂದೆ. ಮಿತಿ ಮುಟ್ಟಿದ ಹೊತ್ತಿನಲ್ಲಿ ಯಾರು ಕೇಳಿದರೋ ಅವರಿಗೆ ಇಲ್ಲ ಎನ್ನುತ್ತದೆ. ಸ್ಕ್ಯಾನ್ ಪ್ರೋಗ್ರಾಂ ಎಲ್ಲ ತಿಂದು ಕೂತಿರುವಾಗ ಮರಿಯಾಡಿಬಿ ಒಂದಿಷ್ಟು ಕೇಳಿದರೆ ಪೆಟ್ಟು ಬೀಳುವುದು ಮರಿಯಾಡಿಬಿಗೆ. ಅದು ನ್ಯಾಯ ಅಲ್ಲ.

ಉಳಿದದ್ದು ಸಿಗ್ರೂಪ್. ಪ್ರೋಸೆಸ್‌ಗಳನ್ನು ಗುಂಪು ಮಾಡಿ, ಗುಂಪಿಗೇ ಮಿತಿ ಹಾಕುವ ವ್ಯವಸ್ಥೆ. ಇದರ ಮೆಮೊರಿ ಭಾಗದ ಮೊದಲ ಪ್ರಸ್ತಾವವನ್ನು ಕರ್ನಲ್ ಅಭಿವೃದ್ಧಿಗಾರರ ಮುಂದಿಟ್ಟವರು ಬಲಬೀರ್ ಸಿಂಗ್. 2008ರಲ್ಲಿ 2.6.25 ಕರ್ನಲ್‌ನಲ್ಲಿ ಅದು ಸೇರಿತು. ಎಷ್ಟೋ ವಿಷಯ ಸರಿಮಾಡಿದ ಎರಡನೆಯ ಆವೃತ್ತಿ 2016ರ 4.5 ಕರ್ನಲ್‌ನಿಂದ ಅಧಿಕೃತವಾಯಿತು. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ 11ನೆಯ ಆವೃತ್ತಿಯಿಂದ ಅದೇ ಡೀಫಾಲ್ಟ್. ನಮ್ಮ ಪೈ ಮೇಲಿರುವುದು ಡೆಬಿಯನ್ 12 ಆಧಾರದ ರಾಸ್ಪ್‌ಬೆರಿ ಪೈ ಓಎಸ್, 64 ಬಿಟ್.

ಆದರೆ ಪೈನಲ್ಲಿ ಒಂದು ಹೊಂಡ ಇದೆ, ಎಚ್ಚರ. ಹಿನ್ನೆಲೆಯಲ್ಲಿ ಓಡುವ ಕೆಲಸಗಳನ್ನು (ಸರ್ವಿಸ್) ಶುರುಮಾಡಿ ನೋಡಿಕೊಳ್ಳುವುದು ಸಿಸ್ಟಮ್‌ಡಿ. ಅದರ ಸರ್ವಿಸ್ ಫೈಲಿನಲ್ಲಿ ಮಿತಿಗಾಗಿ ಮೆಮೊರಿಮ್ಯಾಕ್ಸ್ ಎಂದು ಬರೆದರೆ ಯಾವ ದೂರೂ ಬರುವುದಿಲ್ಲ. ಸರ್ವಿಸ್ ಚೆನ್ನಾಗಿ ಶುರುವಾಗುತ್ತದೆ. ಮಿತಿ ಮಾತ್ರ ಬಿದ್ದಿರುವುದಿಲ್ಲ. ಸಿಸ್ ಒಳಗಿನ ಎಫ್ಎಸ್, ಅದರ ಒಳಗಿನ ಸಿಗ್ರೂಪ್ ಎಂಬ ಫೋಲ್ಡರ್‌ನಲ್ಲಿ ಸಿಗ್ರೂಪ್.ಕಂಟ್ರೋಲರ್ಸ್ ಎಂಬ ಫೈಲು ತೆರೆದು ನೋಡಿ. ಅದರಲ್ಲಿ ಮೆಮೊರಿ ಎಂಬ ಪದವೇ ಇಲ್ಲದಿದ್ದರೆ ಕರ್ನಲ್ ಆ ಭಾಗವನ್ನು ಆಫ್ ಮಾಡಿಕೊಂಡೇ ಬೂಟ್ ಆಗಿದೆ ಎಂದರ್ಥ. ಪೈನ ಫರ್ಮ್‌ವೇರ್ ಬೂಟ್ ಸಾಲಿಗೆ ಹಾಗೆ ಸೇರಿಸಿರುತ್ತದೆ. ಪರಿಹಾರ: ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನ ಸಿಎಂಡಿಲೈನ್.ಟಿಎಕ್ಸ್‌ಟಿ ಫೈಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಸಿಗ್ರೂಪ್_ಎನೇಬಲ್=ಮೆಮೊರಿ ಎಂದು ಸೇರಿಸಿ ಮರುಬೂಟ್ ಮಾಡುವುದು. ಆ ಫೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಇರಬೇಕು. ಎಂಟರ್ ಒತ್ತಿ ಹೊಸ ಸಾಲಿನಲ್ಲಿ ಬರೆದರೆ ನಡೆಯುವುದಿಲ್ಲ.

ಮಿತಿ ನಿಜವಾಗಿ ಬಿದ್ದಿದೆಯೇ ಎಂದು ನೋಡಲು ಒಂದು ಚಿಕ್ಕ ಪರೀಕ್ಷೆ ಇದೆ. ಟೇಲ್ ಕಮಾಂಡ್‌ಗೆ ಡೆವ್ ಒಳಗಿನ ಜೀರೊ ಫೈಲನ್ನು ಕೊಟ್ಟರೆ, ಸಾಲಿನ ಕೊನೆ ಎಂದೂ ಸಿಗದೆ ಅದು ಮೆಮೊರಿ ತುಂಬಿಕೊಳ್ಳುತ್ತಲೇ ಹೋಗುತ್ತದೆ. ಅದನ್ನು ಸಿಸ್ಟಮ್‌ಡಿ-ರನ್ ಮೂಲಕ, ಸ್ಕೋಪ್ (ತಾತ್ಕಾಲಿಕ ಗುಂಪು) ಆಗಿ, ಮೆಮೊರಿಮ್ಯಾಕ್ಸ್ 200ಎಂ, ಮೆಮೊರಿಸ್ವಾಪ್‌ಮ್ಯಾಕ್ಸ್ 0 ಎಂದು ಕೊಟ್ಟು ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ "ಕಿಲ್ಡ್" ಎಂದು ಬಂತು. ದಾಖಲೆಯಲ್ಲಿ ಈ ಸಲ ಸಾಲು ಬೇರೆ: "ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ". ಮೊದಲಿನ ಎರಡು ಪದ ಇದ್ದರೆ ಗುಂಪಿನ ಮಿತಿ ಮುಟ್ಟಿ ಸತ್ತದ್ದು. ಇಲ್ಲದಿದ್ದರೆ ಇಡೀ ಯಂತ್ರದ ಮೆಮೊರಿ ಮುಗಿದದ್ದು. ದಾಖಲೆ ಓದುವಾಗ ಈ ವ್ಯತ್ಯಾಸ ಬಹಳ ಮುಖ್ಯ. ಮಿತಿ ಇಲ್ಲದೆ ಆ ಟೇಲ್ ಅನ್ನು ಓಡಿಸಬೇಡಿ.

ಈಗ ಹಂಚಿಕೆ. ಬೇಸಿಗೆಯಲ್ಲಿ ಒಂದೇ ಹಳ್ಳದ ನೀರನ್ನು ನಾಲ್ಕು ತೋಟದವರು ಸರದಿ ಮಾಡಿಕೊಂಡ ಹಾಗೆ, ಇರುವ 1.8 ಜಿಬಿಯನ್ನು ಕಾಗದದ ಮೇಲೆ ಹಂಚಿದೆ. ಮೂಲ ವ್ಯವಸ್ಥೆಗೆ ಸುಮಾರು 250 ಎಂಬಿ. ಓದುಗರ ಕೆಲಸಕ್ಕೆ 700 ಎಂಬಿ. ಸ್ಕ್ಯಾನ್‌ಗೆ 600, ಹೆಚ್ಚೆಂದರೆ 750. ಉಳಿದದ್ದು ಜ಼ೆಡ್‌ರ‍್ಯಾಮ್‌ಗೆ, ಅದರ ವಿಷಯ ಮುಂದೆ ಬರುತ್ತದೆ.

ಸ್ಕ್ಯಾನ್ ಸರ್ವಿಸ್‌ಗೆ ಹಾಕಿದ್ದು ಎರಡು ಮಿತಿ. ಮೆಮೊರಿಹೈ 600ಎಂ, ಮೆಮೊರಿಮ್ಯಾಕ್ಸ್ 750ಎಂ. ಇವೆರಡರ ಗುಣ ಬೇರೆ ಬೇರೆ. ಮ್ಯಾಕ್ಸ್ ಗಟ್ಟಿ ಗೋಡೆ. ಮುಟ್ಟಿದಾಗ ಕರ್ನಲ್ ಆ ಗುಂಪಿನೊಳಗೇ ಜಾಗ ಹುಡುಕುತ್ತದೆ, ಸಿಗದಿದ್ದರೆ ಆ ಗುಂಪಿನೊಳಗಿನವರನ್ನೇ ಕೊಲ್ಲುತ್ತದೆ. ಹೈ ಕೊಲ್ಲುವುದಿಲ್ಲ. ದಾಟಿದವರನ್ನು ನಿಧಾನ ಮಾಡುತ್ತದೆ, ಅವರಿಂದಲೇ ಮೆಮೊರಿ ಖಾಲಿ ಮಾಡಿಸುತ್ತದೆ. ಹೆಚ್ಚು ದಾಟಿದಷ್ಟೂ ಹೆಚ್ಚು ನಿಧಾನ. ಸ್ಕ್ಯಾನ್‌ನಂಥ ರಾತ್ರಿಯ ಕೆಲಸಕ್ಕೆ ಇದು ಹೇಳಿಮಾಡಿಸಿದ್ದು.

ಆದರೆ ಹೈ ಒಂದನ್ನೇ ಹಾಕಿ ಬಿಡಬೇಡಿ. ಸ್ವಾಪ್ ಇಲ್ಲದ ಯಂತ್ರದಲ್ಲಿ, ಪ್ರೋಗ್ರಾಂ ಹಿಡಿದಿಟ್ಟ ಸ್ವಂತ ಡೇಟಾವನ್ನು ಹೊರಗೆ ಹಾಕಲು ಜಾಗವೇ ಇರುವುದಿಲ್ಲ. ಕರ್ನಲ್ ನಿಧಾನ ಮಾಡುತ್ತಲೇ ಇರುತ್ತದೆ, ಪ್ರೋಗ್ರಾಂ ಸಾಯುವುದೂ ಇಲ್ಲ, ಮುಗಿಯುವುದೂ ಇಲ್ಲ. ಹಳೆಯ ಸ್ಕ್ರಿಪ್ಟನ್ನು ಬೇಕೆಂದೇ ಹೈ ಮಾತ್ರ ಹಾಕಿ ಓಡಿಸಿ ನೋಡಿದೆ. ಒಂದು ಪುಟವನ್ನೂ ಮುಂದೆ ದಾಟಿಸದೆ ಕೂತುಬಿಟ್ಟಿತು. ಮೇಲೆ ಮ್ಯಾಕ್ಸ್ ಇದ್ದರೆ ಇಂಥದ್ದಕ್ಕೆ ಒಂದು ಕೊನೆ ಇರುತ್ತದೆ.

ಓದುಗರ ಕಡೆಗೆ ಬೇಕಾದದ್ದು ಮಿತಿಯಲ್ಲ, ರಕ್ಷಣೆ. ಅದಕ್ಕೆ ಮೆಮೊರಿಲೋ. ಈ ಗುಂಪು ಇಷ್ಟರೊಳಗೆ ಇರುವವರೆಗೆ, ಬೇರೆಲ್ಲಾದರೂ ಸಿಗುತ್ತದೆ ಅಂತಾದರೆ ಇವರಿಂದ ಕಿತ್ತುಕೊಳ್ಳಬೇಡ ಎಂದು ಕರ್ನಲ್‌ಗೆ ಹೇಳುವುದು. ಪೇಜ್ ಕ್ಯಾಶ್ ಕೂಡ ಗುಂಪಿನ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಕಿವಿಕ್ಸ್ ಓದಿಟ್ಟುಕೊಂಡ ವಿಕಿಪೀಡಿಯ ಫೈಲಿನ ಭಾಗಗಳೂ ಉಳಿಯುತ್ತವೆ. ಎಸ್‌ಡಿ ಕಾರ್ಡ್‌ನ ವೇಗ ನೋಡಿದರೆ ಇದೇ ದೊಡ್ಡ ಲಾಭ.

ಇಲ್ಲೂ ಗಮನಿಸಬೇಕಾದ ಒಂದು ಅಂಶವಿದೆ. ಲೋ ಅನ್ನು ಕಿವಿಕ್ಸ್ ಸರ್ವಿಸ್‌ಗೆ ಮಾತ್ರ ಹಾಕಿದರೆ ಏನೂ ಆಗುವುದಿಲ್ಲ. ಆ ಸರ್ವಿಸ್ ಇರುವುದು ಸಿಸ್ಟಮ್.ಸ್ಲೈಸ್ ಎಂಬ ಮೇಲಿನ ಗುಂಪಿನಲ್ಲಿ. ಮೇಲಿನ ಗುಂಪಿಗೆ ರಕ್ಷಣೆ ಸೊನ್ನೆ ಇದ್ದರೆ ಒಳಗಿನವರಿಗೂ ಸೊನ್ನೆಯೇ. ಹಾಗಾಗಿ ಓದು ಎಂಬ ಹೆಸರಿನ ಒಂದು ಹೊಸ ಸ್ಲೈಸ್ ಮಾಡಿದೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಅದಕ್ಕೆ ಮೆಮೊರಿಲೋ 700ಎಂ. ಕಿವಿಕ್ಸ್, ಮರಿಯಾಡಿಬಿ, ವೆಬ್ ಸರ್ವರ್ ಮೂರಕ್ಕೂ ಸಿಸ್ಟಮ್‌ಸಿಟಿಎಲ್ ಎಡಿಟ್ ಮಾಡಿ ಸ್ಲೈಸ್ ಸಾಲು ಸೇರಿಸಿದೆ. ಒಳಗೆ ಕಿವಿಕ್ಸ್‌ಗೆ 350, ಮರಿಯಾಡಿಬಿಗೆ 250 ಎಂದು ಬೇರೆಯಾಗಿಯೂ ಬರೆದೆ.

ಪೇಜ್ ಕ್ಯಾಶ್ ಲೆಕ್ಕ ಬೀಳುವುದು ಮೊದಲು ಮುಟ್ಟಿದವರ ಮೇಲೆ. ರಾತ್ರಿಯ ಬ್ಯಾಕಪ್ ವಿಕಿಪೀಡಿಯ ಫೈಲನ್ನು ಓದಿದರೆ ಆ ಭಾಗಗಳು ಬ್ಯಾಕಪ್ ಗುಂಪಿನ ಹೆಸರಿಗೆ ಬೀಳುತ್ತವೆ, ಕಿವಿಕ್ಸ್‌ನ ರಕ್ಷಣೆ ಅವಕ್ಕಿಲ್ಲ. ಆ ಫೈಲನ್ನು ಬೇಕಾದರೆ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಬ್ಯಾಕಪ್‌ನಿಂದ ತೆಗೆದೆ.

ಸ್ವಾಪ್ ವಿಷಯ. ಎಸ್‌ಡಿ ಕಾರ್ಡ್ ಮೇಲೆ ಸ್ವಾಪ್ ಇಡುವುದು ನನಗೆ ಒಪ್ಪಿಗೆ ಇಲ್ಲ. ನಿಧಾನ, ಮೇಲಾಗಿ ಬರೆದು ಬರೆದು ಕಾರ್ಡ್ ಸವೆಯುತ್ತದೆ. ಅದನ್ನು ತೆಗೆದು ಜ಼ೆಡ್‌ರ‍್ಯಾಮ್ ಹಾಕಿದೆ. ಇದು ರ‍್ಯಾಮ್‌ನೊಳಗೇ ಇರುವ, ಒತ್ತಿ ಚಿಕ್ಕದು ಮಾಡಿಡುವ ಸ್ವಾಪ್. ಗಾತ್ರ 900 ಎಂಬಿ, ಒತ್ತಲು ಜ಼ೆಡ್‌ಸ್ಟ್ಯಾಂಡರ್ಡ್. ಸ್ವಾಪಿನೆಸ್, ಅಂದರೆ ಪೇಜ್ ಕ್ಯಾಶ್ ಬಿಸಾಡುವ ಬದಲು ಸ್ವಾಪ್ ಬಳಸುವ ಒಲವು, ಡೀಫಾಲ್ಟ್ 60 ಇರುತ್ತದೆ. ಕರ್ನಲ್ 5.8ರಿಂದ 200ರವರೆಗೆ ಕೊಡಬಹುದು. ಕಾರ್ಡ್‌ನಿಂದ ಫೈಲು ಓದುವುದಕ್ಕಿಂತ ರ‍್ಯಾಮ್‌ನಲ್ಲೇ ಬಿಚ್ಚುವುದು ಬೇಗ, ಹಾಗಾಗಿ 150 ಕೊಟ್ಟೆ. ಪೇಜ್-ಕ್ಲಸ್ಟರ್ 0 ಮಾಡಿದೆ. ಡೀಫಾಲ್ಟ್ 3 ಇದ್ದಾಗ ಒಂದು ಪೇಜ್ (ಮೆಮೊರಿಯ ತುಣುಕು) ಕೇಳಿದರೆ ಎಂಟನ್ನು ಒಟ್ಟಿಗೆ ತರುತ್ತದೆ. ತಿರುಗುವ ಡಿಸ್ಕ್‌ಗೆ ಅದು ಸರಿ, ಇಲ್ಲಿ ಬೇಡ.

ಜ಼ೆಡ್‌ರ‍್ಯಾಮ್ ಜೊತೆ ಮಿತಿ ಹಾಕುವವರು ಒಂದನ್ನು ಮರೆಯಬಾರದು. ಸ್ವಾಪ್‌ಗೆ ಹೋದದ್ದು ಮೆಮೊರಿಮ್ಯಾಕ್ಸ್ ಲೆಕ್ಕದಿಂದ ಹೊರಗೆ ಹೋಗುತ್ತದೆ, ಆದರೆ ರ‍್ಯಾಮ್‌ನಿಂದ ಹೊರಗೆ ಹೋಗಿರುವುದಿಲ್ಲ! ಸ್ಕ್ಯಾನ್ ಸರ್ವಿಸ್ ತನ್ನ 750 ಎಂಬಿ ಜೊತೆಗೆ ಜ಼ೆಡ್‌ರ‍್ಯಾಮ್ ಪೂರ್ತಿ ತುಂಬಿಸಿದರೆ ಓದುಗರಿಗೆ ಮತ್ತೆ ತೊಂದರೆ. ಅದಕ್ಕೇ ಮೆಮೊರಿಸ್ವಾಪ್‌ಮ್ಯಾಕ್ಸ್ 300ಎಂ ಸೇರಿಸಿದೆ.

ಕೊನೆಯದಾಗಿ, ಇಷ್ಟೆಲ್ಲ ಮಾಡಿದ ಮೇಲೂ ಇಡೀ ಯಂತ್ರದ ಮೆಮೊರಿ ಮುಗಿದರೆ ಯಾರನ್ನು ಕೊಲ್ಲಬೇಕು ಎಂಬುದು. ಓಓಎಂಸ್ಕೋರ್‌ಅಡ್ಜಸ್ಟ್ -1000ರಿಂದ 1000ರವರೆಗೆ ಕೊಡಬಹುದು, ಅಂಕಿ ಹೆಚ್ಚಿದ್ದಷ್ಟೂ ಮೊದಲು ಸಾಯುವ ಸಾಧ್ಯತೆ ಹೆಚ್ಚು. ಮರಿಯಾಡಿಬಿಗೆ -600, ಸ್ಕ್ಯಾನ್‌ಗೆ 500. -1000 ಕೊಟ್ಟರೆ ಕರ್ನಲ್ ಮುಟ್ಟುವುದೇ ಇಲ್ಲ, ಆದರೆ ಮರಿಯಾಡಿಬಿಯೇ ಕೆಟ್ಟು ಬೆಳೆಯತೊಡಗಿದರೆ ದಾರಿ ಉಳಿಯುವುದಿಲ್ಲ. ಸ್ಕ್ಯಾನ್ ಸರ್ವಿಸ್‌ಗೆ ಓಓಎಂಪಾಲಿಸಿ=ಕಿಲ್ ಹಾಕಿದೆ. ಒಂದು ಟೆಸರಾಕ್ಟ್ ಸತ್ತರೆ ಇಡೀ ಸರ್ವಿಸ್ ಒಟ್ಟಿಗೆ ಹೋಗಲಿ. ಅರ್ಧ ಸತ್ತು ಅರ್ಧ ಉಳಿದು, ನಡುವೆ ಪುಟಗಳಿಲ್ಲದ ಪ್ರಸಂಗ ತಯಾರಾದರೆ ತಿದ್ದುವವರಿಗೆ ಗೊತ್ತೇ ಆಗುವುದಿಲ್ಲ. ಜೊತೆಗೆ ಪ್ರತಿ ಟೆಸರಾಕ್ಟ್ ತನ್ನ ಕೆಲಸವನ್ನು ಹಲವು ಎಳೆಗಳಾಗಿ ಒಡೆಯದಂತೆ ಓಎಂಪಿ_ಥ್ರೆಡ್_ಲಿಮಿಟ್=1 ಎಂದು ಕೊಟ್ಟು, ಒಮ್ಮೆಗೆ ಎರಡೇ ಟೆಸರಾಕ್ಟ್ ಓಡುವಂತೆ ಮಾಡಿದೆವು.

ಪರೀಕ್ಷೆಗೆ ಹಳೆಯ, ಹೊಟ್ಟೆಬಾಕ ಸ್ಕ್ರಿಪ್ಟನ್ನೇ ಮತ್ತೆ ಓಡಿಸಿದೆವು. ಮಾಸ್ತರು ಫೋನ್‌ನಲ್ಲಿ ವಿಕಿಪೀಡಿಯ ತೆರೆಯುತ್ತಾ ಕೂತರು. ಸ್ಕ್ರಿಪ್ಟ್ 600 ದಾಟಿತು, ನಿಧಾನವಾಯಿತು, ಸ್ವಾಪ್‌ನ 300 ತುಂಬಿಸಿತು, 750 ಮುಟ್ಟಿ ಸತ್ತಿತು. ಅಷ್ಟು ಹೊತ್ತೂ ಮಾಸ್ತರ ಪುಟಗಳು ಒಂದೆರಡು ಸೆಕೆಂಡಿನಲ್ಲೇ ಬರುತ್ತಿದ್ದವು. ಇಡೀ ಯಂತ್ರದ ಪಿಎಸ್‌ಐ ಫುಲ್ ಅಂಕಿ 5 ದಾಟಲಿಲ್ಲ. "ಈಗ ಓಡ್ತಾ ಇದ್ಯಾ, ಇಲ್ವಾ?" ಎಂದು ಅವರು ಕೇಳಿದಾಗ ನಿಜಕ್ಕೂ ಖುಷಿಯಾಯಿತು.

ತಿದ್ದಿದ ಹೊಸ ಸ್ಕ್ರಿಪ್ಟ್ ಈಗ ರಾತ್ರಿ ಓಡುತ್ತದೆ. ಬೆಳಿಗ್ಗೆ ಆ ಸರ್ವಿಸ್‌ನ ಸಿಗ್ರೂಪ್ ಫೋಲ್ಡರ್‌ನಲ್ಲಿ ಮೆಮೊರಿ.ಇವೆಂಟ್ಸ್ ಫೈಲು ನೋಡಿದರೆ ರಾತ್ರಿಯ ಕಥೆ ಸಿಗುತ್ತದೆ. ಹೈ ಎಂಬಲ್ಲಿ ಒಂದಷ್ಟು ಎಣಿಕೆ ಇದ್ದರೆ ಪರವಾಗಿಲ್ಲ. ಮ್ಯಾಕ್ಸ್ ಏರುತ್ತಿದ್ದರೆ ಮಿತಿ ಬಿಗಿಯಾಯಿತು. ಓಓಎಂ_ಕಿಲ್ ಸೊನ್ನೆ ಇರಬೇಕು. ಸರ್ವಿಸ್ ನಿಂತ ಮೇಲೆ ಆ ಫೋಲ್ಡರೇ ಮಾಯವಾಗುವುದರಿಂದ, ಸ್ಕ್ರಿಪ್ಟಿನ ಕೊನೆಯಲ್ಲೇ ಅದನ್ನು ಒಂದು ಫೈಲಿಗೆ ನಕಲು ಮಾಡಿಸುತ್ತಿದ್ದೇವೆ.

ಒಂದು ಕೆಲಸ ಬಾಕಿ ಇದೆ. ಮಾಸ್ತರ ಹತ್ತಿರ ಕೆಲವು ದೊಡ್ಡ ಹಾಳೆಯ ಹಳೆಯ ಪುಸ್ತಕಗಳಿವೆ, ಎ3 ಅಳತೆಯವು. 300 ಡಿಪಿಐನಲ್ಲಿ ಒಂದು ಪುಟವೇ 52 ಎಂಬಿ. ಅಕ್ಷರ ಗುರುತಿಸುವಾಗ ಆಗುವ ನಕಲುಗಳೂ ಸೇರಿ, ಎರಡು ಟೆಸರಾಕ್ಟ್ ಒಟ್ಟಿಗೆ ಓಡಿದರೆ 600 ದಾಟಿ ಬಹಳ ನಿಧಾನವಾಗುತ್ತದೆ. ಬಣ್ಣ ತೆಗೆದು ಬೂದು ಮಾಡಿದರೆ ಅದೇ ಪುಟ 17 ಎಂಬಿಗೆ ಇಳಿಯುತ್ತದೆ, ಅಕ್ಷರ ಗುರುತಿಸಲು ಬಣ್ಣ ಬೇಕಾಗುವುದೂ ಇಲ್ಲ. ಆ ಬದಲಾವಣೆಯನ್ನು ಹುಡುಗಿ ಮಾಡುತ್ತಿದ್ದಾಳೆ. ಅಲ್ಲಿಯವರೆಗೆ ದೊಡ್ಡ ಹಾಳೆಗಳನ್ನು ಒಂದೇ ಟೆಸರಾಕ್ಟ್‌ನಲ್ಲಿ ಓಡಿಸುತ್ತಿದ್ದೇವೆ.